ಇಗರ್ಜಿಯ ಕಟ್ಟಡ ನಿಧಿ: ಕಾಸರಗೋಡಿನ ಚರ್ಚ್ ಸಮಿತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಚಂದ್ರಗಿರಿ ಹೊಳೆಯ ಬಡಗು ಭಾಗದ ಕಥೊಲಿಕ್ ಇಗರ್ಜಿಗಳಾದ ಬೇಳ, ಕಯ್ಯಾರು, ವರ್ಕಾಡಿ, ನಾರಂಪಾಡಿ ಮೊದಲಾದವು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಆದರೆ ಅವುಗಳ ಜಾಗ, ಪಂಚಾಯತು, ತೆರಿಗೆ ಎಲ್ಲವೂ ಕೇರಳದ್ದು. ಆದ್ದರಿಂದ ಇಲ್ಲಿ ಒಂದು ಇಗರ್ಜಿ ಕಟ್ಟಬೇಕಾದರೆ ಒಪ್ಪಿಗೆ ಮಂಗಳೂರಿನಿಂದ ಬರಬೇಕು, ಪರವಾನಗಿ ಊರಿನ ಪಂಚಾಯತಿನಿಂದ ಬರಬೇಕು, ಹಣದ ದೊಡ್ಡ ಪಾಲು ದುಬೈ, ಕುವೈತ್, ಮಸ್ಕತ್‌ಗಳಿಂದ ಬರಬೇಕು. ಈ ಮೂರು ದಾರಿಗಳನ್ನು ಒಂದೆಡೆ ಕೂಡಿಸುವಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೂ ಇದರ ಬಹುಭಾಗ ಹಾಗೆಯೇ ಅನ್ವಯಿಸುತ್ತದೆ, ವ್ಯತ್ಯಾಸವಿರುವಲ್ಲಿ ಹೇಳಲಾಗಿದೆ.

ಕಟ್ಟಡ ನಿಧಿಗೂ ಆದಿತ್ಯವಾರದ ಕಾಣಿಕೆಗೂ ಏನು ವ್ಯತ್ಯಾಸ? ಎರಡೂ ಅದೇ ಜನರಿಂದಲ್ಲವೇ ಬರುವುದು?

ಜನರು ಅವರೇ, ಆದರೆ ಹಣ ಬೇರೆ. ಆದಿತ್ಯವಾರದ ಕಾಣಿಕೆಯನ್ನು ಮನೆಯವರು ತಿಂಗಳ ಸಂಬಳದಿಂದ, ವಾರದ ಬೀಡಿ ಮಜೂರಿಯಿಂದ, ಹಾಲು ಮಾರಿದ ದುಡ್ಡಿನಿಂದ ಕೊಡುತ್ತಾರೆ. ಕಟ್ಟಡಕ್ಕೆ ಕೊಡುವ ಹಣ ಉಳಿತಾಯದಿಂದ ಬರುತ್ತದೆ: ಅಂಗಳದಲ್ಲಿ ಒಣಗಿಸಿ ಧಾರಣೆ ಏರಲೆಂದು ಚೀಲ ಕಟ್ಟಿಟ್ಟ ಅಡಿಕೆ, ಬ್ಯಾಂಕಿನ ಠೇವಣಿ, ನಿವೃತ್ತಿಯ ವೇಳೆ ಕೈಸೇರಿದ ಮೊತ್ತ, ಮಗ ವಿದೇಶದಿಂದ ಕಳುಹಿಸಿದ್ದು. ಆದಿತ್ಯವಾರ ತಟ್ಟೆ ಹಿಡಿದಂತೆ ಕಟ್ಟಡ ನಿಧಿಗೂ ತಟ್ಟೆ ಹಿಡಿದರೆ ಬರುವುದು ಅದೇ ಹತ್ತು, ಐವತ್ತು, ನೂರರ ನೋಟುಗಳು. ಅಷ್ಟೇ ಅಲ್ಲ, ಇಗರ್ಜಿಯ ದಿನನಿತ್ಯದ ಖರ್ಚಿಗೆ ಸಲ್ಲಬೇಕಾದ ಕಾಣಿಕೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಉಳಿತಾಯದ ಹಣ ಕೇಳುವ ಕ್ರಮವೇ ಬೇರೆ, ಅದಕ್ಕೆ ಹಿಡಿಯುವ ಕಾಲವೂ ಬೇರೆ.

ಮೊದಲು ಯಾರ ಅನುಮತಿ ಬೇಕು?

ಕಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 1215ನೇ ಕಾನೂನಿನಂತೆ ಧರ್ಮಾಧ್ಯಕ್ಷರ ಸ್ಪಷ್ಟವಾದ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಇಗರ್ಜಿಯನ್ನೂ ಕಟ್ಟುವಂತಿಲ್ಲ. ಸಿಎಸ್‌ಐ ಸಭೆಗಳ ಆಸ್ತಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವುದರಿಂದ ಅಲ್ಲಿಯೂ ಸಭಾ ಕಮಿಟಿಯ ತೀರ್ಮಾನವೊಂದೇ ಸಾಲದು. ಸರ್ಕಾರದ ಕಡೆಯಿಂದ 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ಪರವಾನಗಿ ಬೇಕು. ಇಗರ್ಜಿಯನ್ನು ಜನ ಸೇರುವ ಕಟ್ಟಡವೆಂದು ಎಣಿಸುವುದರಿಂದ ವಾಹನ ನಿಲುಗಡೆ, ಬಾಗಿಲುಗಳ ಅಗಲ, ಅಗ್ನಿ ಸುರಕ್ಷತೆಗಳ ಷರತ್ತು ಮನೆ ಕಟ್ಟುವುದಕ್ಕಿಂತ ಬಿಗಿಯಾಗಿರುತ್ತದೆ.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ನೋಡುವುದಕ್ಕೆ ತೆಂಗಿನ ತೋಟದಂತಿರುವ ಎಷ್ಟೋ ಬೈಲುಗಳು 2008ರ ಕೇರಳ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆಯ ದತ್ತಾಂಶ ಪಟ್ಟಿಯಲ್ಲಿ ಗದ್ದೆಯೆಂದೇ ದಾಖಲಾಗಿವೆ. ದಾನಿಯೊಬ್ಬರು ಹತ್ತು ಸೆಂಟ್ಸ್ ಕೊಡುತ್ತೇನೆಂದು ಮುಂದೆ ಬಂದಾಗ ಕೃತಜ್ಞತೆ ಹೇಳುವ ಮೊದಲೇ ಗ್ರಾಮ ಕಚೇರಿಯಲ್ಲಿ ಆ ಸರ್ವೆ ನಂಬರನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು. ನಿರಾಕರಣೆ ಆಮೇಲೆ ಬಂದರೆ ಕೊಟ್ಟವರಿಗೂ ಬೇಸರ, ಪಡೆದವರಿಗೂ ಬೇಸರ.

ಈ ಎರಡು ಒಪ್ಪಿಗೆಗಳು ಕೈಸೇರುವ ಮುನ್ನ ಬಹಿರಂಗವಾಗಿ ಹಣ ಎತ್ತಬೇಡಿ.

ಹಳೆಯ ಇಗರ್ಜಿಯನ್ನು ಕೆಡವಿ ಹೊಸದು ಕಟ್ಟುವುದಕ್ಕೆ ಜನ ಹೆಚ್ಚು ಕೊಡುತ್ತಾರೆಯೇ, ದುರಸ್ತಿಗೆ ಕೊಡುತ್ತಾರೆಯೇ?

ಹೊಸದಕ್ಕೆ ಹುರುಪು ಹೆಚ್ಚು ಎಂಬುದು ನಿಜ. ಆದರೆ ಹುರುಪನ್ನು ನೋಡಿ ತೀರ್ಮಾನಿಸಬಾರದು, ಗೋಡೆಯನ್ನು ನೋಡಿ ತೀರ್ಮಾನಿಸಬೇಕು. ನಮ್ಮ ಹಳೆಯ ಇಗರ್ಜಿಗಳು ಸಾಮಾನ್ಯವಾಗಿ ಕೆಂಪುಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮರದ ಪಕ್ಕಾಸು, ರೀಪು, ಮಂಗಳೂರು ಹಂಚುಗಳಿಂದ ಆದವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಮಾಡು (ಛಾವಣಿ) ಕರಾವಳಿಯುದ್ದಕ್ಕೂ ಹಬ್ಬಿತು. ಅಂಥ ಮಾಡು ಸೋರಿದಾಗ ತಪ್ಪು ಹಂಚಿನದೆಂದು ಎಲ್ಲರೂ ಹೇಳುತ್ತಾರೆ. ಏಣಿ ಹಾಕಿ ಹತ್ತಿ ನೋಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾಣುವುದು ಗೆದ್ದಲು ಹಿಡಿದು ಬಾಗಿದ ರೀಪು, ಅದರಿಂದಾಗಿ ಕೊಂಡಿ ತಪ್ಪಿ ಒಂದು ಬೆರಳಿನಷ್ಟು ಕೆಳಗೆ ಜಾರಿದ ಹಂಚಿನ ಸಾಲು. ಗೋಡೆ ಒದ್ದೆಯಾಗುವುದಕ್ಕೂ ಎಷ್ಟೋ ಕಡೆ ಕಾರಣ ಹಳೆಯ ಸುಣ್ಣದ ಗಾರೆಯ ಮೇಲೆ ಯಾವಾಗಲೋ ಬಳಿದ ಸಿಮೆಂಟು: ಕೆಂಪುಕಲ್ಲು ಮಳೆಗಾಲದಲ್ಲಿ ಹೀರಿದ ನೀರು ಸುಣ್ಣದ ಮೂಲಕ ಆರಿಹೋಗುತ್ತದೆ, ಸಿಮೆಂಟಿನ ಹಿಂದೆ ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಹಳೆಯ ಕಟ್ಟಡಗಳನ್ನು ಬಲ್ಲ ಎಂಜಿನಿಯರರೊಬ್ಬರಿಂದ ಲಿಖಿತ ವರದಿ ಪಡೆದು, ದುರಸ್ತಿಯ ಖರ್ಚು ಮತ್ತು ಹೊಸ ಕಟ್ಟಡದ ಖರ್ಚು ಎರಡನ್ನೂ ಸಭೆಯ ಮುಂದಿಡಬೇಕು. 1890ರ ಬೇಳದ ಶೋಕಮಾತಾ ಇಗರ್ಜಿಯ ಗೋಥಿಕ್ ಮುಖವನ್ನು ನೋಡಲು ಇಂದಿಗೂ ಹೊರಗಿನಿಂದ ಜನ ಬರುತ್ತಾರೆ. ಕೆಡವಿದ ಮೇಲೆ ಅಂಥದ್ದನ್ನು ಯಾವ ನಿಧಿಯೂ ಮರಳಿ ತರಲಾರದು. ಜಾಗ ಸಾಲದೆಂಬುದೇ ನಿಜವಾದ ತೊಂದರೆಯಾಗಿದ್ದರೆ ಹಳೆಯದನ್ನು ಉಳಿಸಿಕೊಂಡು ಬದಿಯಲ್ಲಿ ವಿಸ್ತರಿಸುವ ಸಾಧ್ಯತೆಯನ್ನು ಮೊದಲು ಕೇಳಿನೋಡಿ.

ಗುರಿಯ ಮೊತ್ತವನ್ನು ಹೇಗೆ ನಿಶ್ಚಯಿಸುವುದು?

ಎಂಜಿನಿಯರರ ಅಂದಾಜು ಪಟ್ಟಿ ಅರ್ಧ ಉತ್ತರ ಮಾತ್ರ. ಗುತ್ತಿಗೆಯ ಮೇಲಿನ ಶೇ. 18ರ ಜಿಎಸ್‌ಟಿ, ನಕ್ಷೆಯ ಶುಲ್ಕ, ವಿದ್ಯುತ್ ಸಂಪರ್ಕ, ಬೆಂಚುಗಳು, ಧ್ವನಿವರ್ಧಕ, ಕಾಂಪೌಂಡು, ಕೆಲಸ ನಡೆಯುವಷ್ಟು ಕಾಲ ಪೂಜೆಗೆ ಬೇಕಾದ ತಾತ್ಕಾಲಿಕ ಚಪ್ಪರ, ಇವೆಲ್ಲ ಮೊದಲ ಪಟ್ಟಿಯಲ್ಲಿ ಇರುವುದೇ ಇಲ್ಲ. ಇವುಗಳನ್ನು ಸೇರಿಸಿ, ಅದರ ಮೇಲೆ ಶೇ. 10ರಷ್ಟು ಅನಿರೀಕ್ಷಿತ ಖರ್ಚಿಗೆಂದು ಇಟ್ಟರೆ ಬೇಕಾದ ಹಣ ಎಷ್ಟೆಂದು ತಿಳಿಯುತ್ತದೆ.

ಉಳಿದ ಅರ್ಧವೆಂದರೆ ಬರಬಹುದಾದ ಹಣ. ಅದನ್ನು ತಿಳಿಯಲು ಇಪ್ಪತ್ತು ಮೂವತ್ತು ಮನೆಗಳಿಗೆ ಹೋಗಿ, ಹಣ ಕೇಳದೆ, ಯೋಜನೆಯ ಬಗ್ಗೆ ಅಭಿಪ್ರಾಯ ಮಾತ್ರ ಕೇಳಬೇಕು. ಅನುಕೂಲಸ್ಥರನ್ನಷ್ಟೇ ಅಲ್ಲ, ಸಭೆಯಲ್ಲಿ ಸದಾ ಎದ್ದುನಿಂತು ವಿರೋಧಿಸುವವರನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕು. ಈ ಮಾತುಕತೆಯಲ್ಲಿ ಎರಡು ವಿಷಯ ಹೊರಬೀಳುತ್ತವೆ: ಜನರಿಗೆ ಈ ಕಟ್ಟಡ ನಿಜಕ್ಕೂ ಬೇಕೇ, ಮತ್ತು ಹಿಂದಿನ ಯಾವುದಾದರೂ ಲೆಕ್ಕ ಬಾಕಿಯಿದೆಯೇ. ಹತ್ತು ವರ್ಷ ಹಿಂದಿನ ಸಭಾಭವನದ ಲೆಕ್ಕ ಇನ್ನೂ ಒಪ್ಪಿಸಿಲ್ಲವೆಂಬ ಮಾತು ಮೂರು ಮನೆಗಳಲ್ಲಿ ಕೇಳಿಬಂದರೆ, ಹೊಸ ಅಭಿಯಾನವನ್ನು ನಿಲ್ಲಿಸಿ ಮೊದಲು ಆ ಲೆಕ್ಕ ಒಪ್ಪಿಸಿ.

ಮನೆಗಿಷ್ಟೆಂದು ಸಮನಾಗಿ ವಂತಿಗೆ ಹಾಕಿದರೆ ಸುಲಭವಲ್ಲವೇ? ಯಾರಿಗೂ ತಾರತಮ್ಯವೆನಿಸದು.

ಈ ಪುಟದಲ್ಲಿ ಬೇರೇನನ್ನು ಓದದಿದ್ದರೂ ಇದನ್ನೊಂದು ಓದಬೇಕೆಂದು ವಿನಂತಿ.

ಉದಾಹರಣೆಗೆ 200 ಮನೆಗಳಿರುವ ಒಂದು ಇಗರ್ಜಿಗೆ 1 ಕೋಟಿ ರೂಪಾಯಿ ಬೇಕೆಂದುಕೊಳ್ಳೋಣ. ಸಮನಾಗಿ ಹಂಚಿದರೆ ಮನೆಗೆ 50,000. ಬೀಡಿ ಕಟ್ಟಿ ಬದುಕುವ ವಿಧವೆಗೆ ಅದು ಹೊರಲಾರದ ಹೊರೆ; ಕೊಡಲಾಗದ ನಾಚಿಕೆಗೆ ಅವರು ಪೂಜೆಗೆ ಬರುವುದನ್ನೇ ಬಿಡುತ್ತಾರೆ. ಹತ್ತು ಎಕರೆ ಅಡಿಕೆ ತೋಟವಿದ್ದು ಇಬ್ಬರು ಮಕ್ಕಳು ಹೊರದೇಶದಲ್ಲಿರುವ ಮನೆಯವರಿಗೆ ಅದು ಬಹಳ ಅಗ್ಗ. 50,000 ಎಣಿಸಿಕೊಟ್ಟು ತಮ್ಮ ಪಾಲು ಮುಗಿಯಿತೆಂದು ನಿರಾಳವಾಗುತ್ತಾರೆ. ಅರ್ಧ ಮನೆಗಳಿಂದ ಬರುವುದಿಲ್ಲ, ಉಳಿದರ್ಧ ಮನೆಗಳಿಂದ ಹೆಚ್ಚು ಬರುವುದಿಲ್ಲ, ಗೋಡೆ ಲಿಂಟಲ್ ಮಟ್ಟಕ್ಕೆ ನಿಲ್ಲುತ್ತದೆ.

ಬದಲಿಗೆ ಶಕ್ತ್ಯನುಸಾರವಾದ ಒಂದು ಮೆಟ್ಟಿಲು ಪಟ್ಟಿ ಮಾಡಬೇಕು. ಅದೇ 1 ಕೋಟಿಗೆ ಅದು ಹೀಗಿರಬಹುದು: 15 ಲಕ್ಷದ ಒಂದು ಮನೆ, ಏಳೂವರೆ ಲಕ್ಷದ ಎರಡು, 3 ಲಕ್ಷದ ಐದು, 1 ಲಕ್ಷದ ಹದಿನೈದು, 50,000ದ ನಲವತ್ತು, 20,000ದ ಎಂಬತ್ತು. ಇಲ್ಲಿಗೆ 143 ಮನೆಗಳಿಂದ 96 ಲಕ್ಷ. ಉಳಿದ 57 ಮನೆಗಳು ಸರಾಸರಿ 7,000ದಂತೆ ಕೊಟ್ಟರೆ ಸುಮಾರು 4 ಲಕ್ಷ. ಮೇಲಿನ ಎಂಟು ಮನೆಗಳೇ 45 ಲಕ್ಷ ಹೊತ್ತಿವೆ ಎಂಬುದನ್ನು ಗಮನಿಸಿ. ಜಗತ್ತಿನ ಬೇರೆ ಕಡೆ ನಡೆಯುವ ಇಂಥ ಅಭಿಯಾನಗಳಲ್ಲಿಯೂ ಮೊದಲ ಒಂದು ಕೊಡುಗೆ ಒಟ್ಟು ಗುರಿಯ ಶೇ. 10ರಿಂದ 20ರಷ್ಟಿರಬೇಕೆಂಬ ರೂಢಿಯಿದೆ.

ಪಟ್ಟಿಯಲ್ಲಿ ಹೆಸರು ಬರೆಯಬಾರದು, ಮೆಟ್ಟಿಲು ಮಾತ್ರ ಇರಬೇಕು. ಯಾರು ಯಾವ ಮೆಟ್ಟಿಲಲ್ಲಿ ನಿಲ್ಲುತ್ತಾರೆಂಬುದನ್ನು ಅವರೇ ಹೇಳಲಿ. ಆದರೆ ಆ ಮೇಲಿನ ಎಂಟು ಕೊಡುಗೆಗಳ ಮಾತು ಮುಗಿಯುವ ತನಕ ಅಭಿಯಾನವನ್ನು ಇಗರ್ಜಿಯಲ್ಲಿ ಘೋಷಿಸಬಾರದು. ಅರ್ಧದಷ್ಟು ಹಣಕ್ಕೆ ಮಾತು ದೊರೆತ ಮೇಲೆ ಘೋಷಿಸಿದರೆ ಉಳಿದವರಿಗೆ ಇದು ಆಗುವ ಕೆಲಸವೆಂಬ ನಂಬಿಕೆ ಬರುತ್ತದೆ. ಸೊನ್ನೆಯಿಂದ ಘೋಷಿಸಿದರೆ ಎಲ್ಲರೂ ಪಕ್ಕದ ಮನೆಯವರು ಎಷ್ಟು ಕೊಟ್ಟರೆಂದು ಕಾಯುತ್ತಾ ಕೂರುತ್ತಾರೆ.

ಸಮಿತಿಯಲ್ಲಿ ಯಾರಿರಬೇಕು?

ಪಾಲನಾ ಮಂಡಳಿಯ ಉಪಾಧ್ಯಕ್ಷರು, ಕಾರ್ಯದರ್ಶಿ, ಹಣಕಾಸು ಸಮಿತಿಯವರು, ವಾರ್ಡಿನ ಮುಖಂಡರಾದ ಗುರಿಕಾರರು ಹೇಗೂ ಇರುತ್ತಾರೆ. ಧರ್ಮಸಭೆಯ 537ನೇ ಕಾನೂನಿನಂತೆ ಪ್ರತಿ ಇಗರ್ಜಿಗೆ ಹಣಕಾಸು ಸಮಿತಿ ಕಡ್ಡಾಯ. ಅವರಲ್ಲದೆ ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ದುಡಿದು ನಿವೃತ್ತರಾದ ಒಬ್ಬರು, ಕಟ್ಟಡ ಕೆಲಸ ಬಲ್ಲ ಒಬ್ಬರು, ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು ಇರಲಿ. ಮನೆಯ ಉಳಿತಾಯ ಎಷ್ಟೆಂದು ಬಲ್ಲವರು ಅವರೇ. ಗುತ್ತಿಗೆದಾರರಾಗಲಿ ಅವರ ಹತ್ತಿರದ ನೆಂಟರಾಗಲಿ ಸಮಿತಿಯಲ್ಲಿ ಬೇಡ. ಸಮಿತಿಗೆ ಸೇರುವ ಪ್ರತಿಯೊಬ್ಬರೂ ಮೊದಲ ಸಭೆಯಲ್ಲೇ ತಮ್ಮ ವಾಗ್ದಾನ ಬರೆದುಕೊಡಬೇಕು.

ಮನೆಗೆ ಹೋಗಿ ಕೇಳುವುದು ಹೇಗೆ? ನಮ್ಮವರಿಗೆ ಸಂಕೋಚ ಜಾಸ್ತಿ.

ಇಬ್ಬರು ಹೋಗಿ. ಧರ್ಮಗುರುಗಳನ್ನು ಮುಂದಿಟ್ಟುಕೊಂಡು ಹೋಗಬೇಡಿ. ಫಾದರ್ ಎದುರು ಕೂತಿರುವಾಗ ಮನೆಯವರು ಇಲ್ಲವೆನ್ನಲಾರದೆ ಒಂದು ಮೊತ್ತ ಹೇಳುತ್ತಾರೆ. ಆ ಮೊತ್ತ ಆಮೇಲೆ ಬರುವುದಿಲ್ಲ. ಮೇಲಿನ ಕೆಲವು ಮೆಟ್ಟಿಲುಗಳ ಮನೆಗಳಿಗೆ ಮಾತ್ರ ಅವರು ಬರುವುದು ಸರಿ. ಹೋಗುವ ಇಬ್ಬರಲ್ಲಿ ಒಬ್ಬರು ಆ ಮನೆಯವರಿಗೆ ಆಪ್ತರಾಗಿರಲಿ, ಮತ್ತು ಅದೇ ಮೆಟ್ಟಿಲಲ್ಲಿ ತಾವೂ ಕೊಟ್ಟವರಾಗಿರಲಿ. ಗಡಿ ತಕರಾರಿರುವ ನೆರೆಯವರನ್ನು ಮಾತ್ರ ಕಳುಹಿಸಬೇಡಿ. ಹಾಸ್ಯವಾಗಿ ಕಂಡರೂ ಕಾಸರಗೋಡಿನ ತೋಟಗಳ ನಡುವೆ ಇದು ಸಣ್ಣ ಮಾತಲ್ಲ.

ಫೋನ್ ಮಾಡಿ ತಿಳಿಸಿ, ಗಂಡಹೆಂಡತಿ ಇಬ್ಬರೂ ಇರುವ ಹೊತ್ತಿಗೆ, ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಹೋಗಿ. ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ ತೋರಿಸಿ. ಅವರ ಹಿರಿಯರ ಮದುವೆ ಯಾವ ವೇದಿಯಲ್ಲಾಯಿತು, ಹೊಸ ನಕ್ಷೆಯಲ್ಲಿ ಆ ವೇದಿಗೆ ಏನಾಗುತ್ತದೆ ಎಂದು ಕೇಳುವವರು ಬಹಳ. ಅದಕ್ಕೆ ಉತ್ತರ ಸಿದ್ಧವಿರಲಿ. ಆಮೇಲೆ ಮೆಟ್ಟಿಲು ಪಟ್ಟಿಯನ್ನು ತೋರಿಸಿ, «ನೀವು ಮೂರು ಲಕ್ಷದ ಐದು ಮನೆಗಳಲ್ಲಿ ಒಂದಾಗುವ ಬಗ್ಗೆ ಯೋಚಿಸಬಹುದೇ?» ಎಂದು ಮೊತ್ತ ಹೇಳಿಯೇ ಕೇಳಬೇಕು. «ನಿಮ್ಮ ಇಷ್ಟದಂತೆ ಏನಾದರೂ ಕೊಡಿ» ಎಂದರೆ ಬರುವುದು ಏನಾದರೂ ಅಷ್ಟೇ. ಮೊತ್ತ ಹೇಳಿದ ಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬುವ ಆತುರದಲ್ಲಿ ನಾವೇ «ಇಲ್ಲದಿದ್ದರೆ ಒಂದು ಲಕ್ಷವಾದರೂ» ಎಂದು ಇಳಿಸಿಬಿಡುತ್ತೇವೆ.

ಅಂದೇ ಉತ್ತರ ಕೇಳಬೇಡಿ. ವಾಗ್ದಾನದ ಚೀಟಿಯನ್ನು ಬಿಟ್ಟು, ಯಾವ ದಿನ ಮತ್ತೆ ಬರುತ್ತೇವೆಂದು ಹೇಳಿ, ಆ ದಿನ ತಪ್ಪದೆ ಹೋಗಿ. ಇಲ್ಲವೆಂದವರಿಗೂ ಅಷ್ಟೇ ಗೌರವದಿಂದ ವಂದನೆ ಹೇಳಿ ಹೊರಡಬೇಕು. ಮುಂದಿನ ಆದಿತ್ಯವಾರ ಅವರ ಮುಖ ನೋಡುವ ರೀತಿ ಬದಲಾದರೆ ಕಟ್ಟಡ ಎದ್ದರೂ ಸಭೆ ಕುಸಿಯುತ್ತದೆ.

ಯಾವ ತಿಂಗಳಿನಲ್ಲಿ ಆರಂಭಿಸುವುದು ಒಳ್ಳೆಯದು?

ಮಳೆ ಮತ್ತು ಬೆಳೆ ಎರಡನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಂಚಾಂಗದ (ಅಡಿಪಾಯದ) ಕೆಲಸ ಇಲ್ಲಿ ಆಗುವ ಮಾತಲ್ಲ, ಅಡಿಕೆಗೆ ಕೊಳೆರೋಗ ತಗಲುವ ಭಯದಲ್ಲಿ ಯಾರ ಮನಸ್ಸೂ ಹಗುರಾಗಿರುವುದಿಲ್ಲ. ಆ ತಿಂಗಳುಗಳನ್ನು ನಕ್ಷೆ, ಅನುಮತಿ, ಮೇಲಿನ ಮೆಟ್ಟಿಲುಗಳ ಮಾತುಕತೆಗೆ ಬಳಸಿಕೊಳ್ಳಿ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊರಗಿದ್ದ ಮಕ್ಕಳೂ ಊರಿಗೆ ಬರುವುದರಿಂದ ಅಂದು ನಕ್ಷೆಯನ್ನು ಎಲ್ಲರ ಮುಂದಿಡಬಹುದು. ಅಡಿಕೆ ಕೊಯ್ಲು ನವೆಂಬರ್ ಹೊತ್ತಿಗೆ ಆರಂಭವಾಗಿ, ಕಾಳುಮೆಣಸು, ಗೇರುಬೀಜಗಳು ಅದರ ಬೆನ್ನಿಗೆ ಬರುತ್ತವೆ. ಮನೆ ಭೇಟಿಗೆ ಅದೇ ಸರಿಯಾದ ಕಾಲ.

ಮೂರು ವರ್ಷಗಳ ವಾಗ್ದಾನವೆಂದರೆ ಕೃಷಿಕನ ಲೆಕ್ಕದಲ್ಲಿ ಮೂರು ಕೊಯ್ಲು. ಸಂಬಳದವರಿಗೆ ಮಾಸಿಕ ಕಂತು, ಕೃಷಿಕರಿಗೆ ವರ್ಷಕ್ಕೊಂದು ಕಂತು, ಬೀಡಿ ಮಜೂರಿಯವರಿಗೆ ವಾರದ ಲಕೋಟೆ, ಹೀಗೆ ಚೀಟಿಯಲ್ಲೇ ಆಯ್ಕೆ ಇರಲಿ. ಎಲ್ಲರಿಗೂ ಒಂದೇ ದಿನಾಂಕ ಹಾಕಿದರೆ ಬಾಕಿಯ ಪಟ್ಟಿ ಉದ್ದವಾಗುತ್ತದೆ.

ವಾಗ್ದಾನ ಬರೆದುಕೊಟ್ಟವರು ಕೊಡದಿದ್ದರೆ ಕಾನೂನಿನ ದಾರಿ ಇದೆಯೇ?

ವಕೀಲರಿಗೆ ಪ್ರಿಯವಾದ ಎರಡು ಹಳೆಯ ತೀರ್ಪುಗಳಿವೆ. ಹೌರಾ ಪುರಭವನಕ್ಕೆ 100 ರೂಪಾಯಿ ಕೊಡುತ್ತೇನೆಂದು ಸಹಿ ಹಾಕಿದವರು ಕೊಡಲೇಬೇಕೆಂದು 1886ರಲ್ಲಿ ಕಲ್ಕತ್ತಾ ಹೈಕೋರ್ಟು ಹೇಳಿತು. ಆ ಮಾತನ್ನು ನಂಬಿ ಕಟ್ಟಡದ ಗುತ್ತಿಗೆ ಕೊಟ್ಟಾಗಿತ್ತೆಂಬುದು ಕಾರಣ. ಮಸೀದಿಯ ದುರಸ್ತಿಗೆ 500 ರೂಪಾಯಿಯ ಮಾತು ಕೊಟ್ಟವರಿಂದ ವಸೂಲು ಮಾಡುವಂತಿಲ್ಲವೆಂದು 1914ರಲ್ಲಿ ಅಲಹಾಬಾದ್ ಹೈಕೋರ್ಟು ಹೇಳಿತು. ಅಲ್ಲಿ ಕೆಲಸವೇ ಶುರುವಾಗಿರಲಿಲ್ಲ. ಕಾನೂನು ಇಷ್ಟು. ಆದರೆ ತನ್ನ ಭಕ್ತರ ಮೇಲೆ ದಾವೆ ಹೂಡುವ ಇಗರ್ಜಿಗೆ ಮುಂದೆ ಯಾರೂ ಏನನ್ನೂ ಬರೆದುಕೊಡುವುದಿಲ್ಲ. ಕಾಯಿಲೆ, ಮಗಳ ಮದುವೆ, ಬೆಳೆನಾಶಗಳಿಂದ ಆಗದವರಿಗೆ ಗಡುವು ಮುಂದೂಡುವ ಅಥವಾ ಮೊತ್ತ ಇಳಿಸುವ ಅವಕಾಶವನ್ನು ಚೀಟಿಯಲ್ಲೇ ಮುದ್ರಿಸಿ, ಗುತ್ತಿಗೆದಾರರಿಗೆ ಮಾತು ಕೊಡುವಾಗ ವಾಗ್ದಾನದಲ್ಲಿ ಒಂದಂಶ ಬಾರದೆಂದು ಮೊದಲೇ ಲೆಕ್ಕ ಹಿಡಿಯಿರಿ.

ಗಲ್ಫಿನಲ್ಲಿರುವವರಿಂದ ಹಣ ಪಡೆಯಬಹುದೇ? ಅದು ವಿದೇಶಿ ದೇಣಿಗೆಯಾಗುವುದೇ?

ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ, ಅದು ದಿರ್ಹಂ ಆಗಲಿ ರಿಯಾಲ್ ಆಗಲಿ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ವಿದೇಶಿ ದೇಣಿಗೆಯೆನಿಸುವುದಿಲ್ಲ. ಗಲ್ಫಿನಲ್ಲಿ ದುಡಿಯುವ ನಮ್ಮವರ ಬಹುಪಾಲು ಇದರೊಳಗೆ ಬರುತ್ತದೆ. ಪಾಸ್‌ಪೋರ್ಟಿನ ಪ್ರತಿ ಮತ್ತು ಸ್ವಂತ ಉಳಿತಾಯವೆಂಬ ಒಂದು ಸಾಲಿನ ಪತ್ರವನ್ನು ಪಡೆದು ಕಡತದಲ್ಲಿಟ್ಟರೆ ಸಾಕು.

ತೊಡಕು ಇರುವುದು ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದವರ ವಿಷಯದಲ್ಲಿ. ಅವರು ನಮ್ಮ ಇಗರ್ಜಿಯಲ್ಲೇ ದೀಕ್ಷಾಸ್ನಾನ ಪಡೆದವರಿರಬಹುದು, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಹೊಂದಿರಬಹುದು. ಕಾನೂನಿನ ಕಣ್ಣಿಗೆ ಅವರು ವಿದೇಶಿ ಮೂಲ. ಊರಿಗೆ ಬಂದಾಗ ಇಲ್ಲಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ನೋಂದಣಿಯಿರುವ ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. «ತಮ್ಮನ ಖಾತೆಗೆ ಹಾಕುತ್ತೇನೆ, ಅವನು ತನ್ನ ಹೆಸರಲ್ಲಿ ಕೊಡಲಿ» ಎಂಬ ಸಲಹೆ ಪ್ರತಿ ಇಗರ್ಜಿಯಲ್ಲೂ ಬರುತ್ತದೆ. ಒಪ್ಪಬೇಡಿ. ಒಬ್ಬರ ಹಿತವಾದ ಉದ್ದೇಶಕ್ಕಾಗಿ ಇಡೀ ಸಂಸ್ಥೆ ತನಿಖೆಗೆ ಉತ್ತರಿಸಬೇಕಾದೀತು.

ಇನ್ನೊಂದು ವಿಷಯವನ್ನು ನಮ್ಮವರು ಗಮನಿಸುವುದೇ ಕಡಿಮೆ. ಯುಎಇಯಲ್ಲಿ 2021ರ ಕಾನೂನಿನಂತೆ ಪರವಾನಗಿಯುಳ್ಳ ಸಂಸ್ಥೆಗಳಿಗೆ ಮಾತ್ರ ಸಾರ್ವಜನಿಕವಾಗಿ ದೇಣಿಗೆ ಎತ್ತುವ ಅಧಿಕಾರವಿದೆ. ಆದ್ದರಿಂದ ಕ್ಯೂಆರ್ ಕೋಡಿನೊಡನೆ ಮನವಿಯನ್ನು ದುಬೈಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿಯಬಿಡುವುದು, ಅಲ್ಲಿ ಒಬ್ಬರನ್ನು ಸಂಗ್ರಾಹಕರಾಗಿ ನೇಮಿಸುವುದು ಆ ವ್ಯಕ್ತಿಯ ನೌಕರಿಗೇ ಕುತ್ತು ತಂದೀತು. ಅವರು ರಜೆಯಲ್ಲಿ ಊರಿಗೆ ಬಂದಾಗ ಮನೆಯಲ್ಲೇ ಕೇಳುವುದು ಕ್ಷೇಮ.

ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದೇ?

ಸಾಮಾನ್ಯವಾಗಿ ಇಲ್ಲ. ಕೇವಲ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಆ ವಿನಾಯಿತಿ ಇಲ್ಲ. ಐತಿಹಾಸಿಕ ಅಥವಾ ಕಲಾ ಮಹತ್ವದವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಇಗರ್ಜಿಗಳ ದುರಸ್ತಿಗೆ ಮಾತ್ರ ಅಪವಾದವಿದೆ. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯಿದೆ ಜಾರಿಯಾಗಿ ವಿಧಿಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ರಶೀದಿ ಪುಸ್ತಕದ ಒಕ್ಕಣೆಯನ್ನು ಹಾಗೆಯೇ ಮುದ್ರಿಸದೆ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ.

ನಗದು ಪಡೆಯಬಹುದೇ?

ಪಡೆಯಬಹುದು. ಆದರೆ ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದೇ ಸಂದರ್ಭಕ್ಕೆ ಸಂಬಂಧಿಸಿ, 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಪಡೆದವರ ಮೇಲೆ ಬೀಳುತ್ತದೆ. ಅಡಿಕೆ ಮಾರಿದ ಹಣವನ್ನು ಕಟ್ಟಿನ ಸಮೇತ ತಂದುಕೊಡುವ ಹಿರಿಯರಿಗೆ ಇದನ್ನು ಮೆಲ್ಲನೆ ತಿಳಿಸಿ ಚೆಕ್ ಕೊಡುವಂತೆ ಕೇಳಿಕೊಳ್ಳಬೇಕು.

ಕಟ್ಟಡ ನಿಧಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯುವಂತಿರಬಾರದು. ಯುಪಿಐ ಕ್ಯೂಆರ್ ಆ ಖಾತೆಯದ್ದೇ ಆಗಿರಬೇಕು. ಕೋಶಾಧಿಕಾರಿಯ ಮೊಬೈಲ್ ನಂಬರಿಗೆ ಗೂಗಲ್ ಪೇ ಮಾಡಿಸಿಕೊಂಡು ಆಮೇಲೆ ವರ್ಗಾಯಿಸುವ ಪದ್ಧತಿ ಎಷ್ಟು ಪ್ರಾಮಾಣಿಕವಾಗಿದ್ದರೂ ಬೇಡ. ರಶೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಹಾಕಿ, ಯಾವ ಪುಸ್ತಕ ಯಾರ ಕೈಯಲ್ಲಿದೆಯೆಂದು ಬರೆದಿಡಿ.

ಲಕ್ಕಿ ಡ್ರಾ, ಕುರಿ (ಚಿಟ್ ಫಂಡ್), ಏಲಂ ಇವುಗಳಿಂದ ಹಣ ಕೂಡಿಸಬಹುದೇ?

ಲಕ್ಕಿ ಡ್ರಾ ಕೂಪನ್ ಮಾರಾಟ ಬೇಡ. ಲಾಟರಿ ನಡೆಸುವ ಹಕ್ಕು ರಾಜ್ಯ ಸರ್ಕಾರಗಳದ್ದು, ಕೇರಳವಂತೂ 1967ರಲ್ಲೇ ಅದಕ್ಕೆ ಇಲಾಖೆ ತೆರೆದ ರಾಜ್ಯ; ಖಾಸಗಿ ಲಾಟರಿ ಭಾರತೀಯ ನ್ಯಾಯ ಸಂಹಿತೆಯ 297ನೇ ವಿಧಿಯಡಿ ಅಪರಾಧ. ಎಲ್ಲರೂ ಮಾಡುತ್ತಾರೆಂಬುದು ಉತ್ತರವಲ್ಲ. ಕುರಿಯೂ ಹಾಗೆಯೇ, 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿಯಿಲ್ಲದೆ ನಡೆಸುವಂತಿಲ್ಲ.

ಏಲಂ ಮಾತ್ರ ನಮ್ಮ ಅಂಗಳದ ಹಬ್ಬ. ಬೆಳೆಹಬ್ಬದ ದಿನ ಪೂಜೆ ಮುಗಿದು ಜನ ಹೊರಬಂದಾಗ ಮೇಜಿನ ಮೇಲೆ ಒಂದು ಹಲಸಿನಹಣ್ಣು, ಒಂದು ಬಾಳೆಗೊನೆ, ಕಾಲು ಕಟ್ಟಿದ ಹುಂಜ, ಯಾರೋ ಅಜ್ಜಿ ತಂದ ಬಸಳೆಯ ಕಟ್ಟು. ಹಲಸಿನಹಣ್ಣು 600ಕ್ಕೆ ಹೋಗುತ್ತದೆ. ಕೊಂಡವರು ಅದನ್ನು ಮೇಜಿಗೇ ಮರಳಿಸುತ್ತಾರೆ, ಮತ್ತೆ 900ಕ್ಕೆ ಹೋಗುತ್ತದೆ, ಮೂರನೆಯ ಬಾರಿ ಇಬ್ಬರು ಭಾವಂದಿರು ಪಂಥಕ್ಕೆ ಬಿದ್ದು 3,000 ದಾಟಿಸುತ್ತಾರೆ. ಕಟ್ಟಡದ ಖರ್ಚಿಗೆ ಇದು ಚಿಲ್ಲರೆಯೇ. ಆದರೆ 500 ರೂಪಾಯಿಗಿಂತ ಹೆಚ್ಚು ಕೊಡಲಾಗದ ಮನೆಯವರೂ ಅಂದು ಕೊಟ್ಟವರ ಸಾಲಿನಲ್ಲಿ ಎದೆಯುಬ್ಬಿಸಿ ನಿಲ್ಲುತ್ತಾರೆ. ಅದಕ್ಕಾಗಿಯೇ ಏಲಂ ನಡೆಯಲಿ.

ಕಲ್ಲು, ಮರ, ಶ್ರಮದಾನ, ಬೇರೆ ಧರ್ಮದವರ ಕೊಡುಗೆ?

ವಸ್ತುವಾಗಿ ಬಂದದ್ದಕ್ಕೂ ರಶೀದಿ ಕೊಟ್ಟು ಅಂದಿನ ಧಾರಣೆಯಲ್ಲಿ ಬೆಲೆ ಬರೆಯಿರಿ. ಆದರೆ ಅಂದಾಜು ಪಟ್ಟಿಯಲ್ಲಿರುವ ವಸ್ತುವನ್ನು ಮಾತ್ರ ಗುರಿಯಲ್ಲಿ ಎಣಿಸಿ. ಅಗತ್ಯವಿಲ್ಲದ ನಾಲ್ಕನೆಯ ಗಂಟೆಯನ್ನು ವಿನಯದಿಂದ ನಿರಾಕರಿಸಬಹುದು. ಇನ್ನು ದೇವಸ್ಥಾನದ ಬ್ರಹ್ಮಕಲಶಕ್ಕೆ ಇಗರ್ಜಿಯವರು ಹೊರೆಕಾಣಿಕೆ ಒಯ್ಯುವುದು, ಮಸೀದಿಯವರು ದಾರಿಯಲ್ಲಿ ಪಾನಕ ಕೊಡುವುದು ನಮ್ಮ ಕಡೆ ಇರುವ ಸಂಪ್ರದಾಯವೇ. ಆಮಂತ್ರಣದಲ್ಲಿ ಊರ ಹತ್ತು ಸಮಸ್ತರೆಂದು ಅಚ್ಚು ಹಾಕಿಸಿದ ಮೇಲೆ ಅವರಿಂದ ಬಂದದ್ದನ್ನು ಸಂತೋಷದಿಂದ ಸ್ವೀಕರಿಸಬೇಕು. ಅವರ ಮನೆಗಳಿಗೆ ಮೆಟ್ಟಿಲು ಪಟ್ಟಿ ಹಿಡಿದು ಹೋಗುವುದು ಬೇಡ.

ಎಂಪಿ ನಿಧಿಯಿಂದ ಏನಾದರೂ?

ಸಿಗದು. ಸಂಸತ್ ಸದಸ್ಯರ ನಿಧಿಯ ಮಾರ್ಗಸೂಚಿಯು ಪೂಜಾಸ್ಥಳಗಳ ಒಳಗೆ ಮತ್ತು ಧಾರ್ಮಿಕ ಸಂಸ್ಥೆಗಳ ಜಾಗದಲ್ಲಿ ಕಾಮಗಾರಿಯನ್ನು ನಿಷೇಧಿಸಿದೆ.

ದಾನಿಗಳ ಹೆಸರು ಕೆತ್ತಿಸಬೇಕೇ?

ಕೆತ್ತಿಸುವುದಾದರೆ ನಿಯಮವನ್ನು ಅಭಿಯಾನಕ್ಕೆ ಮೊದಲೇ ಬರೆದು ಓದಿ ಹೇಳಿ, ಆಮೇಲೆ ಯಾರಿಗಾಗಿಯೂ ಬದಲಿಸಬೇಡಿ. ಬೆಂಚು, ಕಿಟಕಿ, ಫ್ಯಾನಿನ ರೆಕ್ಕೆಗಳಿಗೂ ಹೆಸರು ಬರೆಸುವುದು ನನಗೆ ಹಿಡಿಸದು. ಮುಖಮಂಟಪದಲ್ಲಿ ಒಂದೇ ಕಲ್ಲು, ಮೊತ್ತವಿಲ್ಲದೆ, ಕೊಟ್ಟ ಎಲ್ಲ ಮನೆಗಳ ಹೆಸರು ಅಕ್ಷರಾನುಕ್ರಮದಲ್ಲಿ ಇದ್ದರೆ ತಕರಾರು ಕಡಿಮೆ. ದೊಡ್ಡ ದಾನಿಗಳು ಇದಕ್ಕೆ ಒಪ್ಪುವುದಿಲ್ಲವೆಂಬ ಅಂಜಿಕೆ ಹೆಚ್ಚಾಗಿ ಸಮಿತಿಯದ್ದೇ ಹೊರತು ದಾನಿಗಳದ್ದಲ್ಲ.

ಮನವಿ ಯಾವ ಭಾಷೆಯಲ್ಲಿರಬೇಕು?

ಪೂಜೆ ಕೊಂಕಣಿಯಲ್ಲಿ, ನೋಟೀಸು ಕನ್ನಡದಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ ಇರುವ ಊರು ಇದು. ವಾಗ್ದಾನದ ಚೀಟಿಯನ್ನು ಕನ್ನಡದಲ್ಲಿಯೂ, ತಿರುವಾಂಕೂರು ಕಡೆಯಿಂದ ಬಂದು ನೆಲೆಸಿದ ಕುಟುಂಬಗಳಿದ್ದಲ್ಲಿ ಮಲಯಾಳದಲ್ಲಿಯೂ ಅಚ್ಚು ಹಾಕಿಸಿ. ಪರವಾನಗಿ ಪತ್ರದ ಕನ್ನಡ ಸಾರಾಂಶವನ್ನು ಸೂಚನಾ ಫಲಕಕ್ಕೆ ಹಚ್ಚಿದರೆ ಅನಗತ್ಯ ಅನುಮಾನಗಳು ತಪ್ಪುತ್ತವೆ.

ಲೆಕ್ಕವನ್ನು ಎಷ್ಟು ಬಾರಿ ಒಪ್ಪಿಸಬೇಕು?

ತಿಂಗಳಿಗೊಮ್ಮೆ, ಸೂಚನಾ ಫಲಕದಲ್ಲಿ, ಒಂದೇ ಹಾಳೆಯಲ್ಲಿ: ವಾಗ್ದಾನ ಎಷ್ಟು, ಬಂದದ್ದೆಷ್ಟು, ಯಾವ ಬಿಲ್ಲಿಗೆ ಎಷ್ಟು ಸಂದಿತು, ಬ್ಯಾಂಕಿನಲ್ಲಿ ಉಳಿದದ್ದೆಷ್ಟು. ಕಾಣಿಕೆಗಳ ಲೆಕ್ಕವನ್ನು ಕೊಟ್ಟ ಭಕ್ತರಿಗೆ ಒಪ್ಪಿಸಬೇಕೆಂದು ಧರ್ಮಸಭೆಯ 1287ನೇ ಕಾನೂನೇ ಹೇಳುತ್ತದೆ. ಕೆಲಸ ನಿಧಾನವಾದ ತಿಂಗಳಲ್ಲಿಯೂ ಹಾಳೆ ತಪ್ಪಬಾರದು. ಒಂದು ತಿಂಗಳು ತಪ್ಪಿದರೆ ಮುಂದಿನ ಕಂತುಗಳು ತಡವಾಗುವುದನ್ನು ಖಾತೆಯ ಪುಸ್ತಕದಲ್ಲೇ ಕಾಣಬಹುದು. ಗುತ್ತಿಗೆದಾರರಿಗೆ ಎಂಜಿನಿಯರರು ಅಳತೆ ಪುಸ್ತಕದಲ್ಲಿ ಸಹಿ ಹಾಕಿದ ಕೆಲಸಕ್ಕೆ ಮಾತ್ರ ಪಾವತಿಸಿ, ಪ್ರತಿ ಬಿಲ್ಲಿನಲ್ಲಿ ಒಂದಂಶವನ್ನು ತಡೆಹಿಡಿದು ಒಂದು ಮಳೆಗಾಲ ಕಳೆದ ಮೇಲೆ ಬಿಡುಗಡೆ ಮಾಡಿ. ಮಾಡು ಸೋರುವುದೋ ಇಲ್ಲವೋ ಎಂಬುದಕ್ಕೆ ಜುಲೈಗಿಂತ ದೊಡ್ಡ ಪರೀಕ್ಷಕರಿಲ್ಲ.

ನಡುವೆ ಹಣ ಸಾಲದಾದರೆ ಸಾಲ ಮಾಡಬಹುದೇ?

ಧರ್ಮಪ್ರಾಂತ್ಯದ ಒಪ್ಪಿಗೆಯೊಡನೆ, ಬರಲಿರುವ ಕಂತುಗಳ ಮಿತಿಯೊಳಗೆ ಮಾಡಬಹುದು. ಭಕ್ತರಿಂದಲೇ ಬಡ್ಡಿಗೆ ಠೇವಣಿ ಸಂಗ್ರಹಿಸುವ ಆಲೋಚನೆಯನ್ನು ಕೈಬಿಡಿ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆಯ ತಂಟೆ ಬರಬಹುದು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಕೈಸಾಲವನ್ನು ನಗದಾಗಿ ಪಡೆಯುವುದಕ್ಕೂ ತೆರಿಗೆ ಕಾನೂನಿನ ಅಡ್ಡಿಯಿದೆ. ಸಾಲಕ್ಕಿಂತ ಮೊದಲು ಕೆಲಸವನ್ನು ಹಂತಗಳಾಗಿ ಒಡೆಯಲು ನೋಡಿ: ಗೋಡೆ ಮತ್ತು ಮಾಡು ಮೊದಲು, ಗಂಟೆಗೋಪುರ ಮತ್ತು ನೆಲದ ಗ್ರಾನೈಟು ಆಮೇಲೆ.

ಕೆಲಸ ಮುಗಿದು ಹಣ ಉಳಿದರೆ?

ಗೊತ್ತಾದ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂಬುದು ಧರ್ಮಸಭೆಯ 1267ನೇ ಕಾನೂನು. ಆದ್ದರಿಂದ ಉಳಿದ ಹಣವನ್ನು ಹಬ್ಬದ ಬ್ಯಾಂಡಿಗೋ ಶಾಲೆಯ ಬಸ್ಸಿಗೋ ತಿರುಗಿಸುವಂತಿಲ್ಲ. «ಮಿಗತೆಯಿದ್ದಲ್ಲಿ ಕಟ್ಟಡದ ನಿರ್ವಹಣೆಗೆ ಮೀಸಲು» ಎಂಬ ಸಾಲನ್ನು ಮೊದಲ ದಿನವೇ ವಾಗ್ದಾನದ ಚೀಟಿಯ ಕೆಳಗೆ ಸೇರಿಸಿದ್ದರೆ ಆ ಹಣ ಮಾಡಿನ ದುರಸ್ತಿಗೆ, ಬಣ್ಣಕ್ಕೆ, ಗೆದ್ದಲು ಔಷಧಿಗೆ ಸಲ್ಲುತ್ತದೆ. ಸೇರಿಸದಿದ್ದರೆ ಧರ್ಮಾಧ್ಯಕ್ಷರ ಕಚೇರಿಗೆ ಬರೆದು, ಸಭೆಯ ಒಪ್ಪಿಗೆ ಪಡೆದು, ನಿರ್ಣಯ ಪುಸ್ತಕದಲ್ಲಿ ದಾಖಲಿಸಿಯೇ ಮುಟ್ಟಬೇಕು.